ಮೋಟುಕಡ್ಡಿ

ಮಾಲೂರು
9 ಫೆಬ್ರುವರಿ 2025

‘ಮೋಟುಕಡ್ಡಿ’ ಆಟ ಮಾಡಿದವರಿಗೆ,

ನಮಸ್ಕಾರ. ಆಟ ಮುಗಿದ ಮೇಲೆ ಪರದೆಯಲ್ಲಿ ಬರುವ ಇ-ಮೇಲ್ ವಿಳಾಸಕ್ಕೆ ಇದನ್ನು ಬರೆಯುತ್ತಿದ್ದೇನೆ. ನನ್ನ ಹೆಸರು ಅರ್ಷಿಯಾ. ಮಾಲೂರಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮೊಬೈಲಿನಲ್ಲಿ ಆಟ ಆಡುವ ಅಭ್ಯಾಸ ನನಗಿಲ್ಲ. ನನ್ನ ತಮ್ಮ ತೌಹೀದ್ ಇಲ್ಲಿನ ಒಂದು ಕಲ್ಲುಕ್ವಾರಿಯಲ್ಲಿ ಕೆಲಸ ಮಾಡುತ್ತಾನೆ. ಅಲ್ಲಿಯವರು ಮಧ್ಯಾಹ್ನ ಊಟದ ಹೊತ್ತಿಗೆ ನಿಮ್ಮ ಆಟವನ್ನು ಆಡುತ್ತಾರಂತೆ. ನಮ್ಮ ಕ್ವಾರಿಯನ್ನೇ ನೋಡಿದ ಹಾಗಿದೆ ಎಂದು ಅವನೇ ನನ್ನ ಫೋನಿಗೆ ಹಾಕಿಕೊಟ್ಟ.

ಮೂರು ದಿನ ಆಡಿದೆ. ಮೊದಲ ಸಲ ಏಳು ಕುಳಿಗಳಿಗೆ ಮದ್ದು ತುಂಬಿ, ಬತ್ತಿ ಹಚ್ಚಿ, ಎಲ್ಲರೂ ಓಡಿಬಂದು ಬಂಡೆಯ ಹಿಂದೆ ಕೂತಾಗ ಸಿಡಿದ ಸದ್ದುಗಳನ್ನು ನಾನೂ ಎಣಿಸಿದೆ. ಆರೇ ಬಂದವು. ಉಳಿದ ಕುಳಿಯ ಹತ್ತಿರ ಯಾರು ಹೋಗಿ ನೋಡಬೇಕು ಎನ್ನುವುದಕ್ಕೆ ಮೇಸ್ತ್ರಿ ಮುಷ್ಟಿಯಲ್ಲಿ ಐದು ಬೆಂಕಿಕಡ್ಡಿ ಹಿಡಿದು ‘ತೀಯ್‌ರಾ’ ಎಂದು ತೆಲುಗಿನಲ್ಲಿ ಎಳೆಯಲು ಹೇಳುತ್ತಾನೆ. ನಾಲ್ವರು ಎಳೆದ ಮೇಲೆ ಉಳಿದದ್ದು ಮೇಸ್ತ್ರಿಗೆ. ಮೋಟುಕಡ್ಡಿ ಬಂದವನು ಎಂಬತ್ತು ಹೆಜ್ಜೆ ನಡೆಯಬೇಕು. ಸತ್ತವರು ಮುಂದಿನ ಸುತ್ತಿನಲ್ಲಿ ದೆವ್ವಗಳಾಗಿ ನಮಗೆ ಬೆನ್ನು ಮಾಡಿಕೊಂಡು ಕುಳಿಯ ಹತ್ತಿರವೇ ಕೂತಿರುತ್ತಾರೆ. ಅವರಿಗಿಂತ ಆ ಮುಷ್ಟಿಯೇ ನನ್ನನ್ನು ಹೆಚ್ಚು ಹೆದರಿಸಿತು.

ಒಂದು ಪ್ರಶ್ನೆ. ಈ ಕಡ್ಡಿ ಎಳೆಯುವ ವಿಷಯ ನಿಮಗೆ ಎಲ್ಲಿಂದ ಗೊತ್ತಾಯಿತು? ಪುಸ್ತಕಗಳಲ್ಲಿ ನಾನೆಲ್ಲೂ ಓದಿಲ್ಲ. ತಿಳಿಸಿದರೆ ಉಪಕಾರ.

ಇಂತು,
ಅರ್ಷಿಯಾ


ಮುಳಬಾಗಿಲು
11 ಫೆಬ್ರುವರಿ 2025

ಅರ್ಷಿಯಾ ಮೇಡಂ,

ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಇಲ್ಲಿಯವರೆಗೆ ಬಂದ ಇ-ಮೇಲ್‌ಗಳೆಲ್ಲ ಫೋನ್ ಬಿಸಿಯಾಗುತ್ತದೆ, ಆಟ ಮಧ್ಯೆ ನಿಂತುಹೋಗುತ್ತದೆ ಎಂಬ ದೂರುಗಳೇ. ಹೆದರಿದೆ ಎಂದು ಒಬ್ಬರು ಇಷ್ಟು ಚೆನ್ನಾಗಿ ಬರೆದದ್ದು ಇದೇ ಮೊದಲು.

ನಾನು ರಜನಿ. ಆಟ ಮಾಡಿದ್ದು ನಾನೊಬ್ಬಳೇ. ಮುಳಬಾಗಿಲಿನ ಒಂದು ಫೋಟೋ ಸ್ಟುಡಿಯೋದಲ್ಲಿ ಮದುವೆ ಆಲ್ಬಂ ಜೋಡಿಸುವ ಕೆಲಸ ಮಾಡುತ್ತೇನೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅದೇ ಕಂಪ್ಯೂಟರಿನಲ್ಲಿ ಎರಡು ವರ್ಷ ಕೂತು ಇದನ್ನು ಮಾಡಿದೆ. ಕಥೆ ನಮ್ಮ ಅಪ್ಪನದು. ಅವರು ಮೂವತ್ತೆರಡು ವರ್ಷದಿಂದ ಕ್ವಾರಿ ಮೇಸ್ತ್ರಿ. ವಾರವೆಲ್ಲ ಅಲ್ಲೇ ಶೆಡ್ಡಿನಲ್ಲಿದ್ದು ಶನಿವಾರ ಮನೆಗೆ ಬರುತ್ತಾರೆ. ಚಿಕ್ಕವಳಿದ್ದಾಗ ನನ್ನನ್ನು ಕೂರಿಸಿಕೊಂಡು ಸಿಡಿಯದ ಕುಳಿಯ ಕಥೆ ಹೇಳುತ್ತಿದ್ದರು. ಅಷ್ಟು ವರ್ಷದಲ್ಲಿ ಒಂದು ಸಲವೂ ಅವರಿಗೆ ಮೋಟುಕಡ್ಡಿ ಬಂದಿಲ್ಲ. ದೇವರು ಕಾಯುತ್ತಿದ್ದಾನೆ ಎಂದು ನಮ್ಮಮ್ಮ ಈಗಲೂ ಶನಿವಾರ ದೀಪ ಹಚ್ಚುತ್ತಾರೆ.

ನಿಮ್ಮ ತಮ್ಮ ಕ್ವಾರಿಯಲ್ಲಿದ್ದಾರೆ ಎಂದಿರಿ. ತಪ್ಪಾಗಿ ತೋರಿಸಿದ್ದೇನಾದರೂ ಇದ್ದರೆ ಕೇಳಿ ಹೇಳಿ, ತಿದ್ದುತ್ತೇನೆ.

ರಜನಿ


ಮಾಲೂರು
15 ಫೆಬ್ರುವರಿ 2025

ರಜನಿ ಅವರೇ,

ಉತ್ತರ ಬರೆದಿದ್ದಕ್ಕೆ ಸಂತೋಷ. ತಪ್ಪೇನೂ ಇಲ್ಲ ಎಂದು ತಮ್ಮ ಹೇಳಿದ. ನನಗೇ ಎರಡು ಅನುಮಾನಗಳಿವೆ.

ಈ ವಾರ ನಲವತ್ತು ಸುತ್ತು ಆಡಿದೆ. ಪ್ರತಿ ಸುತ್ತಿನ ಫಲವನ್ನೂ ಕಾಗದದಲ್ಲಿ ಬರೆದಿಟ್ಟೆ. ಐದು ಜನರಲ್ಲಿ ನಾನೊಬ್ಬಳಾದರೆ ನನಗೆ ಎಂಟು ಸಲ ಮೋಟುಕಡ್ಡಿ ಬರಬೇಕಿತ್ತು. ಮೂವತ್ತೊಂದು ಸಲ ಬಂತು. ಮೇಸ್ತ್ರಿಗೆ ಒಮ್ಮೆಯೂ ಬರಲಿಲ್ಲ. ಇನ್ನೊಂದು ವಿಷಯ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಆಡಿದಾಗ ಕಡ್ಡಿ ಎಳೆಯುವ ಕ್ಷಣದಲ್ಲಿ ಒಂದು ಸಣ್ಣ ಸದ್ದು ಕೇಳಿಸುತ್ತದೆ. ಒಣಗಿದ ಏನೋ ಮುರಿದ ಹಾಗೆ. ಬೇರೆಯವರು ಎಳೆದಾಗ ಬಂದರೆ ಅವರಿಗೆ ಮೋಟು, ನಾನು ಎಳೆದಾಗ ಬಂದರೆ ನನಗೆ.

ಇದು ಅದೃಷ್ಟದ ಆಟ ತಾನೇ?

ಅರ್ಷಿಯಾ


ಮುಳಬಾಗಿಲು
16 ಫೆಬ್ರುವರಿ 2025

ಅರ್ಷಿಯಾ ಅವರೇ,

ಕೊನೆಗೂ ಒಬ್ಬರು ಕಂಡುಹಿಡಿದಿರಿ. ಮೂರು ಸಾವಿರ ಜನ ಆಡಿದ್ದಾರೆ. ಆ ಸದ್ದನ್ನು ಹಿಡಿದವರು ನೀವೊಬ್ಬರೇ. ಗುಟ್ಟು ಹೇಳುತ್ತೇನೆ, ಯಾರಿಗೂ ಹೇಳಬೇಡಿ.

ಮುಷ್ಟಿಯಲ್ಲಿರುವ ಐದೂ ಉದ್ದದ ಕಡ್ಡಿಗಳೇ. ಯಾರಿಗೆ ಮೋಟು ಬರಬೇಕೋ ಅವನು ಎಳೆಯುವಾಗ ಮೇಸ್ತ್ರಿ ಒಳಗೇ ಹೆಬ್ಬೆರಳಿನ ಉಗುರಿನಿಂದ ಕಡ್ಡಿಯನ್ನು ಚಿವುಟಿ ಮುರಿಯುತ್ತಾನೆ. ಅರ್ಧ ಎಳೆದವನ ಕೈಗೆ ಹೋಗುತ್ತದೆ, ಅರ್ಧ ಅಂಗೈಯಲ್ಲಿ ಉಳಿಯುತ್ತದೆ. ಈ ಕೈಚಳಕ ಅಪ್ಪನದೇ. ಬಾವಿಯಿಂದ ನೀರು ಯಾರು ತರಬೇಕು ಎಂದು ಮನೆಯಲ್ಲಿ ಪೊರಕೆಕಡ್ಡಿ ಹಿಡಿದು ಆಡಿಸುತ್ತಿದ್ದರು. ಪ್ರತಿ ಸಲವೂ ಅಮ್ಮನೇ ಸೋಲುತ್ತಿದ್ದರು. ನಾವಿಬ್ಬರೂ ಮುಸಿಮುಸಿ ನಗುತ್ತಿದ್ದೆವು. ಆಟಕ್ಕಾಗಿ ಅವರ ಮುಷ್ಟಿಯನ್ನೇ ಮೇಲಿನಿಂದ, ಕೆಳಗಿನಿಂದ ವಿಡಿಯೋ ಮಾಡಿಕೊಂಡೆ. ಆ ಸದ್ದೂ ನಿಜವಾದ ಕಡ್ಡಿಯದೇ.

ಆಟದಲ್ಲಿ ಯಾರನ್ನು ಆರಿಸಬೇಕು ಎಂದು ಅಪ್ಪನನ್ನು ಕೇಳಿದ್ದೆ. “ಚೆನ್ನಾಗಿ ಮಾಡ್ಕೊಂಡು ವಾಪಸ್ ಬರೋನನ್ನೇ ಕಳಿಸ್ಬೇಕಲ್ಲಮ್ಮ” ಎಂದರು. ಹಾಗೇ ಬರೆದೆ. ನೀವು ಹೆಚ್ಚು ಸಲ ಬದುಕಿ ಬಂದಷ್ಟೂ ನಿಮ್ಮನ್ನೇ ಹೆಚ್ಚು ಕಳಿಸುತ್ತದೆ. ಜಾಣತನ ಅಲ್ಲವೇ?

ಒಮ್ಮೆ ನಮ್ಮೂರಿಗೆ ಬನ್ನಿ. ಮನೆ ದೇವರಾಯಸಮುದ್ರದಲ್ಲಿ. ಮೇಸ್ತ್ರಿ ಸೊಣ್ಣಪ್ಪನವರ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ.

ನಿಮ್ಮ,
ರಜನಿ


ಮಾಲೂರು
17 ಫೆಬ್ರುವರಿ 2025

ರಜನಿ ಅವರೇ,

ನಿಮ್ಮ ತಂದೆಯ ಹೆಸರು ಓದಿದ ಮೇಲೆ ನಿನ್ನೆ ಉತ್ತರ ಬರೆಯಲು ಆಗಲಿಲ್ಲ.

ಮೊದಲ ಪತ್ರದಲ್ಲಿ ಒಂದು ವಿಷಯ ಬರೆದಿರಲಿಲ್ಲ. ನನ್ನ ತಂದೆ ರಹಮತ್ತುಲ್ಲಾ ಅವರೂ ಕ್ವಾರಿಯಲ್ಲೇ ಇದ್ದರು. 2011ರ ಆಗಸ್ಟಿನಲ್ಲಿ ಮೋಟುಕಡ್ಡಿ ಎಳೆದು, ಕುಳಿಯ ಹತ್ತಿರ ಹೋಗಿ, ಅಲ್ಲೇ ತೀರಿಹೋದರು. ಆಗ ನನಗೆ ಹದಿನೈದು, ತೌಹೀದ್‌ಗೆ ಹತ್ತು. ದೇಹವನ್ನು ಮನೆಗೆ ತಂದವರು ಸೊಣ್ಣಪ್ಪ ಮೇಸ್ತ್ರಿ. ನಾವು ಅವರನ್ನು ಮಾಮು ಎಂದು ಕರೆಯುತ್ತೇವೆ. ಅವರು ಅಂದು ನಮ್ಮ ಬಾಗಿಲಲ್ಲಿ ಅತ್ತದ್ದು ನನಗೆ ನೆನಪಿದೆ. ತೌಹೀದ್‌ಗೆ ಕೆಲಸ ಕೊಡಿಸಿದವರೂ ಅವರೇ.

ಆಟದ ಬಗ್ಗೆ ತಿಳಿದುಕೊಳ್ಳಬೇಕು ಎಂದಷ್ಟೇ ನಿಮಗೆ ಬರೆದಿದ್ದೆ. ಅಬ್ಬಾ ಆ ಕೊನೆಯ ಹೊತ್ತಿನಲ್ಲಿ ಏನು ನೋಡಿದರು ಎಂದು ನನಗೆ ಈಗಲೂ ಗೊತ್ತಿಲ್ಲ. ಅದಕ್ಕೇ ಆಡಿದೆ.

ತೌಹೀದ್ ಈಗಲೂ ನಿಮ್ಮ ತಂದೆಯ ಕೈಕೆಳಗೇ ಇದ್ದಾನೆ. ದೀಪಾವಳಿಯಿಂದ ಈಚೆಗೆ ಅವನಿಗೆ ಎರಡು ಸಲ ಮೋಟುಕಡ್ಡಿ ಬಂದಿದೆ. ಎರಡು ಸಲವೂ ನಗುತ್ತಾ ಮನೆಗೆ ಬಂದ.

ನಿಮ್ಮ ತಂದೆಯನ್ನು ಒಂದೇ ಮಾತು ಕೇಳಿ. ಆ ಕೈಚಳಕ ಮನೆಯಲ್ಲಿ ಮಾತ್ರವೇ, ಇಲ್ಲ ಕ್ವಾರಿಯಲ್ಲೂ ಇತ್ತೇ?

ಅರ್ಷಿಯಾ


ಮಾಲೂರು
28 ಫೆಬ್ರುವರಿ 2025

ರಜನಿ ಅವರೇ,

ಹನ್ನೊಂದು ದಿನವಾಯಿತು. ನೀವು ಬರೆಯುವುದಿಲ್ಲ ಎಂದು ತಿಳಿದುಕೊಂಡೆ. ನಿಮ್ಮ ಅಪ್ಪನನ್ನು ನೀವು ಕಾಪಾಡಿಕೊಳ್ಳುತ್ತೀರಿ. ನಿಮ್ಮ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆನೇನೋ.

ನಿನ್ನೆ ತೌಹೀದ್‌ಗೆ ಮೂರನೆಯ ಸಲ ಬಂತು. ಬತ್ತಿ ಒದ್ದೆಯಾಗಿ ಆರಿಹೋಗಿತ್ತಂತೆ. ಕೈಹಾಕಿ ತೆಗೆದು ಬಂದಿದ್ದಾನೆ. ನಾಡಿದ್ದಿನಿಂದ ರಂಜಾನ್ ಉಪವಾಸ. ನೀರೂ ಕುಡಿಯದೆ ಆ ಬಿಸಿಲಲ್ಲಿ ನಡೆಯುವವನ ಕೈ ನಡುಗಿದರೆ ಏನು ಗತಿ ಎಂದು ಯೋಚಿಸುತ್ತಾ ತರಗತಿಯಲ್ಲಿ ಒಂದೇ ಪದ್ಯವನ್ನು ಎರಡು ಸಲ ಪಾಠ ಮಾಡಿದೆ.

ಅರ್ಷಿಯಾ


ಮುಳಬಾಗಿಲು
2 ಮಾರ್ಚ್ 2025

ಅರ್ಷಿಯಾ ಅವರೇ,

ಕಾಪಾಡಿಕೊಳ್ಳಲು ಸುಮ್ಮನಿದ್ದೆ ಎಂದುಕೊಂಡಿರಿ. ಕೇಳಲು ಧೈರ್ಯ ಬರಲಿಲ್ಲ, ಅಷ್ಟೇ. ಹೋದ ಶನಿವಾರ ಅಪ್ಪ ಬಂದರು, ಉಂಡರು, ಹೋದರು. ನಾನು ಅವರ ಹೆಬ್ಬೆರಳನ್ನೇ ನೋಡುತ್ತಿದ್ದೆ.

ನಿನ್ನೆ ಕೇಳಿದೆ. ಹಟ್ಟಿಯ ಹತ್ತಿರ ಹಗ್ಗ ಹೊಸೆಯುತ್ತಿದ್ದರು. ನಿಮ್ಮ ತಂದೆಯ ಹೆಸರು ಹೇಳಿದೆ. ಹಗ್ಗ ಕೆಳಗಿಟ್ಟರು. ಮೊದಲು ಬೈದರು. ಆಮೇಲೆ ಅವರು ಹೇಳಿದ್ದನ್ನು ಒಂದಕ್ಷರವೂ ಬಿಡದೆ ಬರೆಯುತ್ತೇನೆ.

“ನಾನು ಹೆಸರಿಡಿದು ಕಳಿಸಿ ಅವ್ನು ಸತ್ರೆ ಅದು ನನ್ ತಲೆಗೆ ಬತ್ತದೆ. ಕಡ್ಡಿ ಕಳಿಸಿದ್ರೆ ಯಾರ್ ತಲೆಗೂ ಬರಲ್ಲ. ಕೈ ನಡುಗೋನು ಹೋದ್ರೆ ಸಾಯ್ತಾನೆ. ರಹಮತ್ತುಲ್ಲಾ ಕೈ ನಡುಗ್ತಿರ್ಲಿಲ್ಲ. ಈ ಹುಡುಗನಿಗೂ ಅವರಪ್ಪನ ಕೈಯೇ ಬಂದೈತೆ.”

ಮುಂದೆಯೂ ಅವನನ್ನೇ ಕಳಿಸುತ್ತೀರಾ ಎಂದೆ. ಎದ್ದುಹೋದರು. ಇವತ್ತು ಬೆಳಿಗ್ಗೆ ನಾನು ಏಳುವ ಮೊದಲೇ ಮಾಲೂರಿಗೆ ಹೊರಟುಬಿಟ್ಟಿದ್ದಾರೆ. ಅರ್ಷಿಯಾ ಅವರೇ, ಅವರಿಗೆ ಪಶ್ಚಾತ್ತಾಪವಿದೆಯೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ತಮ್ಮನನ್ನು ದಯವಿಟ್ಟು ಕ್ವಾರಿಗೆ ಕಳಿಸಬೇಡಿ.

ರಜನಿ


ಮಾಲೂರು
6 ಮಾರ್ಚ್ 2025

ರಜನಿ,

ತೌಹೀದ್‌ಗೆ ನಿಮ್ಮ ಪತ್ರ ಓದಿ ಹೇಳಿದೆ. ಅವನು ನಂಬಲಿಲ್ಲ. ಆಟ ಮಾಡಿದ ಹುಡುಗಿ ಕಥೆ ಕಟ್ಟಿದ್ದಾಳೆ ಎಂದ. “ಅಬ್ಬಾ ಹೋದ್ಮೇಲೆ ನನ್ನ ಕೈ ಹಿಡ್ದೋರು ಮಾಮು. ಅವ್ರ ಮೇಲೆ ಈ ಮಾತು ಹೇಳಿದ್ರೆ ನಾನು ಮನೆಗೇ ಬರಲ್ಲ ಆಪಾ” ಎಂದ. ನಾನು ಕೈಮುಗಿದೆ. ಅವನು ಊಟದ ಡಬ್ಬಿಯೂ ಇಲ್ಲದ ಖಾಲಿ ಚೀಲ ತೆಗೆದುಕೊಂಡು ಹೋದ. ಈಗ ಉಪವಾಸ ಬೇರೆ.

ಅಮ್ಮಿಗೆ ಏನೂ ಹೇಳಿಲ್ಲ. ಹದಿನಾಲ್ಕು ವರ್ಷದಿಂದ ಅವರು ಇದನ್ನು ಅಲ್ಲಾಹನ ಇಚ್ಛೆ ಎಂದುಕೊಂಡು ಬದುಕಿದ್ದಾರೆ. ಅದನ್ನು ಕಿತ್ತುಕೊಂಡರೆ ಅವರ ಹತ್ತಿರ ಏನು ಉಳಿಯುತ್ತದೆ?

ದಿನಾ ಸಂಜೆ ಅವನ ಗಾಡಿಯ ಸದ್ದು ಕೇಳಿಸುವವರೆಗೆ ನಾನು ಬಾಗಿಲ ಹತ್ತಿರವೇ ನಿಂತಿರುತ್ತೇನೆ. ನಿಮ್ಮ ಮೇಲೆ ಕೋಪವಿದೆ. ಆದರೆ ಇದನ್ನು ಹೇಳಿಕೊಳ್ಳಲು ನಿಮ್ಮನ್ನು ಬಿಟ್ಟು ಬೇರೆ ಯಾರೂ ಇಲ್ಲ.

ಅರ್ಷಿಯಾ


ಮುಳಬಾಗಿಲು
16 ಮಾರ್ಚ್ 2025

ಅರ್ಷಿಯಾ,

ನಿಮ್ಮ ತಮ್ಮ ನನ್ನ ಮಾತು ನಂಬುವುದಿಲ್ಲ, ನಿಮ್ಮ ಮಾತೂ ನಂಬುವುದಿಲ್ಲ. ಆದರೆ ಆಟವನ್ನು ಆಡುತ್ತಾರಲ್ಲ. ಹತ್ತು ದಿನ ಸ್ಟುಡಿಯೋಗೆ ಹುಷಾರಿಲ್ಲ ಎಂದು ಹೇಳಿ ಕೂತೆ. ಇವತ್ತು ಆಟದ ಹೊಸ ಆವೃತ್ತಿ ಬಿಟ್ಟಿದ್ದೇನೆ. ಈಗ ಮೇಸ್ತ್ರಿ ಕಡ್ಡಿ ಹಿಡಿದಾಗ ಮುಷ್ಟಿ ಕೆಳಗಿನಿಂದ ಕಾಣುತ್ತದೆ. ಅಪ್ಪನ ನಿಜವಾದ ಕೈಯನ್ನೇ, ನಾನು ತೆಗೆದ ವಿಡಿಯೋವನ್ನೇ ಹಾಕಿದ್ದೇನೆ. ಐದು ಉದ್ದದ ಕಡ್ಡಿ, ಉಗುರು, ಮುರಿಯುವುದು, ಎಲ್ಲವೂ ಕಾಣುತ್ತದೆ. ಆ ಕೈಯಲ್ಲಿ ಒಂದು ಹಳೆಯ ಸುಟ್ಟ ಗಾಯವಿದೆ. ಕ್ವಾರಿಯ ಪ್ರತಿಯೊಬ್ಬರೂ ಅದನ್ನು ಗುರುತಿಸುತ್ತಾರೆ.

ಅಪ್ಪನಿಗೆ ಹೇಳಿಲ್ಲ. ಗೊತ್ತಾದ ಮೇಲೆ ಕ್ವಾರಿಯವರು ಅಪ್ಪನನ್ನು ಏನು ಮಾಡುತ್ತಾರೋ ಎಂಬ ಭಯವಿದೆ. ಎರಡು ಸಲ ಆಟವನ್ನು ವಾಪಸ್ ತೆಗೆಯಲು ಹೋಗಿ ಸುಮ್ಮನಾದೆ.

ರಜನಿ


ಮಾಲೂರು
22 ಮಾರ್ಚ್ 2025

ರಜನಿ,

ನಿಮ್ಮ ತಂದೆ ಮನೆಗೆ ಬಂದಿರಬೇಕು. ಅವರು ಹೇಳಿದ್ದಾರೋ ಇಲ್ಲವೋ ಗೊತ್ತಿಲ್ಲ. ತೌಹೀದ್ ಹೇಳಿದ್ದನ್ನು ಬರೆಯುತ್ತೇನೆ.

ಮಂಗಳವಾರ ಊಟದ ಹೊತ್ತಿಗೆ ಗೋಪಿ ಎಂಬುವನ ಫೋನಿನಲ್ಲಿ ನಾಲ್ವರೂ ಆ ಕೈಯನ್ನು ನೋಡಿದರಂತೆ. ಗೋಪಿ ಫೋನ್ ಆರಿಸಿ ಜೇಬಿಗೆ ಹಾಕಿಕೊಂಡ. ತೌಹೀದ್ ಮನೆಗೆ ಬಂದು ನನ್ನ ಮುಖ ನೋಡದೆ ಮಲಗಿದ. ಆಗಲೇ ನನಗೆ ಗೊತ್ತಾಯಿತು.

ನಿನ್ನೆ ಶುಕ್ರವಾರ ಎಂಟು ಕುಳಿ ಹಾಕಿದ್ದರು. ಏಳು ಸಿಡಿದವು. ನಿಮ್ಮ ತಂದೆ ಬೆಂಕಿಪೊಟ್ಟಣ ತೆಗೆದು, ಕಡ್ಡಿ ಜೋಡಿಸಿ, ಮೊದಲು ತೌಹೀದ್ ಮುಂದೆ ಹಿಡಿದರು. ಅವನು ಕೈ ಚಾಚಲಿಲ್ಲ.

“ಮಾಮು, ಮುಷ್ಟಿ ಬಿಚ್ಚಿ” ಎಂದ.

ಅವರು ಒಬ್ಬೊಬ್ಬರ ಮುಖವನ್ನೂ ನೋಡಿದರಂತೆ. ಆಮೇಲೆ ಬಿಚ್ಚಿದರು. ಐದೂ ಉದ್ದದವು. ಯಾರೂ ಅವರನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಅವರು ಕಡ್ಡಿಗಳನ್ನು ಕೆಳಗೆ ಹಾಕಿ ತಾವೇ ಕುಳಿಯ ಕಡೆ ನಡೆದರು. ಮೂವತ್ತೆರಡು ವರ್ಷದಲ್ಲಿ ಮೊದಲ ಸಲ. ಅರ್ಧ ದಾರಿಯಲ್ಲಿ ಕೂತುಬಿಟ್ಟರು. ಮುಂದೆ ಹೋಗಲೂ ಆಗದು, ಹಿಂದೆ ಬರಲೂ ಆಗದು. ಬಂಡೆಯ ಹಿಂದಿನಿಂದ ಕೂಗಿದರೆ ತಿರುಗಿ ನೋಡುತ್ತಿರಲಿಲ್ಲ. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಕೂತಿದ್ದರಂತೆ.

ತೌಹೀದ್ ಎದ್ದು ಹೋದ. ಗೋಪಿ ಅಂಗಿ ಹಿಡಿದು ಎಳೆದರೂ ಬಿಡಿಸಿಕೊಂಡು ಹೋದ. ರಜನಿ, ನೀವು ಇಷ್ಟೆಲ್ಲ ಮಾಡಿದ ಮೇಲೂ ನನ್ನ ತಮ್ಮ ಮತ್ತೆ ಅದೇ ಕುಳಿಯ ಕಡೆಗೆ ನಡೆದ. ಈ ಸಲ ಯಾರೂ ಕಳಿಸಿರಲಿಲ್ಲ. ನಿಮ್ಮ ತಂದೆಯ ತೋಳಿಗೆ ತೋಳು ಕೊಟ್ಟು, ಮಗುವನ್ನು ನಡೆಸುವ ಹಾಗೆ ನಡೆಸಿಕೊಂಡು ಬಂದ. ಬಂಡೆಯ ಹಿಂದೆ ಕೂರಿಸಿ ಅವರಿಗೆ ನೀರು ಕುಡಿಸುತ್ತಿದ್ದಾಗ ಎಂಟನೆಯದು ಸಿಡಿಯಿತು. ಅವರು ಕೂತಿದ್ದ ಜಾಗದಲ್ಲಿ ಎತ್ತಿನ ಗಾತ್ರದ ಕಲ್ಲು ಬಿದ್ದಿದೆ.

ಯಾಕೆ ಹೋದೆ ಎಂದು ಕೇಳಿದೆ. “ಕುಳಿ ಹತ್ರ ಒಬ್ಬನೇ ಕೂತಿರೋನನ್ನ ನೋಡಕ್ಕಾಗ್ಲಿಲ್ಲ ಆಪಾ” ಎಂದ. ಅವನ ಕಪಾಳಕ್ಕೆ ಹೊಡೆದೆ. ಆಮೇಲೆ ಅವನ ಎರಡು ಕೈಯನ್ನೂ ಹಿಡಿದುಕೊಂಡು ಇಫ್ತಾರಿನವರೆಗೆ ಬಿಡಲಿಲ್ಲ.

ಅರ್ಷಿಯಾ


ದೇವರಾಯಸಮುದ್ರ
28 ಮಾರ್ಚ್ 2025

ಅರ್ಷಿಯಾ,

ಅಪ್ಪ ಏನೂ ಹೇಳಿರಲಿಲ್ಲ. ನಿಮ್ಮ ಪತ್ರದಿಂದಲೇ ಎಲ್ಲ ಗೊತ್ತಾದದ್ದು. ತೌಹೀದ್ ಅವರಿಗೆ ಏನೆಂದು ಹೇಳಲಿ? ಆ ಪತ್ರವನ್ನು ಅಮ್ಮನಿಗೆ ಓದಿಹೇಳಿದೆ. ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಅಪ್ಪನನ್ನು ಕೊಲ್ಲಲು ಹೊರಟವಳು ನಾನು ಎಂದು ಅವರ ಲೆಕ್ಕ. ಅದು ಪೂರ್ತಿ ಸುಳ್ಳೂ ಅಲ್ಲ. ಆ ಶುಕ್ರವಾರ ಕಲ್ಲು ಸ್ವಲ್ಪ ಮೊದಲೇ ಬಿದ್ದಿದ್ದರೆ ನಾನು ಹೇಗೆ ಬದುಕುತ್ತಿದ್ದೆನೋ ತಿಳಿಯದು.

ಗೋಪಿ ಮತ್ತು ಉಳಿದವರು ಗಣಿ ಇಲಾಖೆಗೆ ದೂರು ಕೊಟ್ಟು ಕ್ವಾರಿ ನಿಂತಿದೆ ಎಂದು ಕೇಳಿದೆ. ಇಲಾಖೆಯವರು ವಿಡಿಯೋ ಕೇಳಿದ್ದರು. ಮೂಲ ವಿಡಿಯೋವನ್ನೇ ಕಳಿಸಿದೆ. ಅದರಲ್ಲಿ ಅಪ್ಪನ ಮುಖವೂ ಇದೆ, ನಗುವೂ ಇದೆ. ಕಳಿಸಿದ ಮೇಲೆ ಅಪ್ಪನಿಗೆ ಹೇಳಿದೆ. ಕಳಿಸಿದ್ದು ಒಳ್ಳೇದಾಯ್ತು ಎಂದರು. ವಾರದಲ್ಲಿ ಅವರು ಆಡಿದ ಮೊದಲ ಮಾತು.

ಎರಡನೆಯ ಮಾತು ಇವತ್ತು ಬೆಳಿಗ್ಗೆ. “ಮಾಲೂರಿಗೆ ಹೋಗ್ಬೇಕು. ಸಯೀದಮ್ಮನ್ಗೆ ನಾನೇ ಹೇಳ್ಬೇಕು.”

ನಿಮ್ಮ ಅಮ್ಮನ ಹತ್ತಿರ. ಬರಬಹುದೇ? ಬೇಡ ಎಂದರೆ ಬರುವುದಿಲ್ಲ.

ರಜನಿ


ಮಾಲೂರು
29 ಮಾರ್ಚ್ 2025

ರಜನಿ,

ಎರಡು ಸಲ ಬೇಡ ಎಂದು ಬರೆದು ಅಳಿಸಿದೆ. ಕ್ವಾರಿ ನಿಂತದ್ದು ಯಾಕೆ ಎಂದು ಅಮ್ಮಿ ದಿನಾ ಕೇಳುತ್ತಿದ್ದಾರೆ. ಬೀದಿಯಲ್ಲಿ ಯಾರೋ ಹೇಳುವುದಕ್ಕಿಂತ ಅವರೇ ಹೇಳಲಿ. ಹಬ್ಬ ಕಳೆಯಲಿ. ಬುಧವಾರ ಬನ್ನಿ. ಸಿಡಿಯದ ಕುಳಿಗಿಂತ ಆ ದಿನದ ಬಗ್ಗೆ ನನಗೆ ಹೆಚ್ಚು ಭಯವಿದೆ.

ಅರ್ಷಿಯಾ


ಮಾಲೂರು
3 ಏಪ್ರಿಲ್ 2025

ರಜನಿ,

ನೀನು ನಿನ್ನೆ ಬಸ್ ನಿಲ್ದಾಣದಲ್ಲೇ ಉಳಿದೆ ಎಂದು ನಿನ್ನ ತಂದೆ ಹೇಳಿದರು. ಬರಲು ಹೆದರಿದೆ ಎಂದು ಗೊತ್ತು. ವಾಪಸ್ ಹೋಗುವಾಗ ಅವರು ನಿನಗೆ ಹೇಳಿರಲಾರರು. ಅದಕ್ಕೇ ಬರೆಯುತ್ತಿದ್ದೇನೆ.

ಕುರ್ಚಿ ಕೊಟ್ಟೆ, ಕೂರಲಿಲ್ಲ. ಹೊಸ್ತಿಲ ಹೊರಗೆ ಮೆಟ್ಟಿಲ ಮೇಲೆ ಕೂತರು. ಅಮ್ಮಿ ಒಳಗೆ ಚಾಪೆಯ ಮೇಲೆ. ತೌಹೀದ್ ಗೋಡೆಗೆ ಒರಗಿ ನಿಂತಿದ್ದ. ನಿನ್ನ ತಂದೆ ತಲೆ ಎತ್ತದೆ ಎಲ್ಲವನ್ನೂ ಹೇಳಿದರು. ಅಮ್ಮಿ ಅಳುತ್ತಾರೆ, ಕೂಗುತ್ತಾರೆ, ಕುಸಿದು ಬೀಳುತ್ತಾರೆ ಎಂದು ನಾನು ಕಾಯುತ್ತಿದ್ದೆ.

ಅಮ್ಮಿ ಕೇಳಿದ್ದು ಇಷ್ಟೇ. “ಎಷ್ಟು ಸಲ?”

“ಏಳು ಸಲ ಅಮ್ಮ. ಏಳ್ನೇ ಸಲ ಹೋದೋರು ಬರ್ಲಿಲ್ಲ.”

“ಅದ್ರಲ್ಲಿ ಒಂದು ಸಲಾನೂ ತಾನಾಗೇ ಬರ್ಲಿಲ್ವಾ?”

“ಇಲ್ಲಮ್ಮ. ಎಲ್ಲಾ ನಾನೇ ಮುರ್ದಿದ್ದು.”

“ಹಂಗಾದ್ರೆ ಅದು ನನ್ನ ನಸೀಬಲ್ಲ” ಎಂದರು ಅಮ್ಮಿ.

ನಮಗೆ ಅರ್ಥವಾಗಲಿಲ್ಲ. ಆಮೇಲೆ ಅಮ್ಮಿಯೇ ಹೇಳಿದರು. ಮದುವೆಗೆ ಮೊದಲು ಅಬ್ಬಾಗೆ ಒಮ್ಮೆಯೂ ಮೋಟುಕಡ್ಡಿ ಬಂದಿರಲಿಲ್ಲವಂತೆ. ಆಗ ಅವರು ಕೆಲಸಕ್ಕೆ ಹೊಸಬರು. ಮದುವೆಯಾದ ಮೇಲೆ ಶುರುವಾಯಿತು. ಅಬ್ಬಾ ಬಂದು ಇವತ್ತೂ ನನಗೇ ಬಂತು ಎಂದು ಹೇಳಿದಾಗಲೆಲ್ಲ ಅವರ ಅಕ್ಕ, ನಮ್ಮ ಫುಫು, ಈ ಹೆಂಗಸಿನ ಕಾಲ್ಗುಣ ಎನ್ನುತ್ತಿದ್ದರಂತೆ. ಅಬ್ಬಾ ತೀರಿಹೋದ ನಲವತ್ತನೆಯ ದಿನ ಎಲ್ಲರೆದುರು ಅದನ್ನೇ ಹೇಳಿದರಂತೆ. ಅಂದಿನಿಂದ ಅಮ್ಮಿ ಯಾವ ಮದುವೆಯಲ್ಲೂ ಮುಂದೆ ನಿಂತಿಲ್ಲ, ಯಾರ ಹಸುಗೂಸನ್ನೂ ಎತ್ತಿಕೊಂಡಿಲ್ಲ. ಅವರಿಗೆ ಜನಜಂಗುಳಿ ಆಗುವುದಿಲ್ಲ ಎಂದಷ್ಟೇ ನಾವು ತಿಳಿದಿದ್ದೆವು. ಅವರು ತಮ್ಮನ್ನೇ ಕೊಲೆಗಾತಿ ಎಂದುಕೊಂಡಿದ್ದರು ರಜನಿ. ಹದಿನಾಲ್ಕು ವರ್ಷ, ನಮ್ಮ ಜೊತೆಯೇ ಇದ್ದುಕೊಂಡು.

ನಿನ್ನ ತಂದೆ ಕ್ಷಮಿಸಿ ಎಂದು ಕೈಮುಗಿದರು. ಅಮ್ಮಿ ಅದಕ್ಕೆ ಉತ್ತರ ಕೊಡಲಿಲ್ಲ. ಮುಂದೆ ಕೊಡುತ್ತಾರೆ ಎಂದೂ ನನಗನಿಸುವುದಿಲ್ಲ. ಎದ್ದು ಬುರ್ಖಾ ಹಾಕಿಕೊಂಡು, ನಡೀರಿ ಎಂದರು.

ಎರಡು ಬೀದಿ ಆಚೆ ಫುಫು ಮನೆ. ಅಮ್ಮಿ ಮುಂದೆ, ನಿನ್ನ ತಂದೆ ಹಿಂದೆ, ನಾವಿಬ್ಬರೂ ಅವರ ಹಿಂದೆ. ಫುಫುಗೆ ಈಗ ಎಂಬತ್ತರ ಹತ್ತಿರ. ಬಿಸಿಲಿಗೆ ಬಾಗಿಲಲ್ಲೇ ಕೂತಿದ್ದರು.

“ನಂಗೆ ಹೇಳಿದ್ದನ್ನ ಇವ್ರಿಗೂ ಹೇಳಿ” ಎಂದರು ಅಮ್ಮಿ.

ನಿನ್ನ ತಂದೆ ಹೇಳಿದರು. ಫುಫು ಕಿವಿಯ ಹಿಂದೆ ಕೈಯಿಟ್ಟು ಏನು ಎಂದರು. ಇನ್ನೊಮ್ಮೆ ಹೇಳಿದರು. ಅಕ್ಕಪಕ್ಕದವರು ಹೊರಗೆ ಬಂದರು. ಅವರ ದನಿ ಒಡೆದುಹೋಗಿತ್ತು. ಸಾಕು ಎಂದು ತೌಹೀದ್ ಮುಂದೆ ಹೋದ. ಅಮ್ಮಿ ಅವನನ್ನು ಕೈಯಲ್ಲೇ ತಡೆದರು.

“ಅವ್ರಿಗೆ ಕಿವಿ ಕೇಳ್ಸಲ್ಲ. ಜೋರಾಗಿ ಹೇಳಿ” ಎಂದರು.

ಮೂರನೆಯ ಸಲ ನಿನ್ನ ತಂದೆ ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು. ಫುಫು ಅಮ್ಮಿಯ ಮುಖ ನೋಡಿದರು. ಅಮ್ಮಿ ನೆಟ್ಟಗೆ ನಿಂತಿದ್ದರು. ಅಷ್ಟು ಎತ್ತರ ಇದ್ದಾರೆ ಎಂದು ನನಗೆ ಗೊತ್ತಿರಲಿಲ್ಲ.

ಅರ್ಷಿಯಾ